ಹುಳುಮನೆಯ ಉಸಿರು

ರಾಗಿ ಕೊಯ್ಲಿನ ಕಾಲ. ವಕ್ಕಲೇರಿ ಕಡೆಯ ಹೊಲಗಳಲ್ಲಿ ಬೆಳಗಿನ ಮಂಜು ಕರಗುವ ಮೊದಲೇ ಕುಡುಗೋಲಿನ ಸದ್ದು ಶುರುವಾಗಿತ್ತು. ಆದರೆ ಉಮೇಶನ ಮನೆಯವರು ಆ ವಾರ ಹೊಲದ ಕಡೆ ತಲೆ ಹಾಕಿರಲಿಲ್ಲ. ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ದಿತ್ತು. ಪೊರೆ ಬಿಡುವ ಮುಂಚೆ ಹುಳು ಮೇಯುವುದನ್ನು ನಿಲ್ಲಿಸಿ ಸುಮ್ಮನೆ ಕೂರುತ್ತದಲ್ಲ, ಅದನ್ನೇ ಈ ಕಡೆ ಜ್ವರ ಅನ್ನುವುದು. ನಾಲ್ಕನೇ ಜ್ವರ ಬಿಟ್ಟ ಹುಳುವಿನ ಹಸಿವಿಗೆ ಕೊನೆಯಿಲ್ಲ. ಸೊಪ್ಪು ಹಾಕಿ ತಿರುಗಿ ನೋಡುವುದರೊಳಗೆ ಬರೀ ಕಡ್ಡಿ ಉಳಿದಿರುತ್ತದೆ.

ಉಮೇಶ ತೋಟದಿಂದ ಸೊಪ್ಪು ಕೊಯ್ದು ತರುತ್ತಿದ್ದ. ಅವನ ತಾಯಿ ವೆಂಕಟರತ್ನಮ್ಮ ಅದನ್ನು ಹುಳುವಿಗೆ ಹಾಕುತ್ತಿದ್ದರು. ಹಳೇ ಕಡ್ಡಿ, ಹಿಕ್ಕೆ ಎಲ್ಲ ತೆಗೆದು ಹಾಸಿಗೆ ಬದಲಿಸುವುದು, ಮೇಲೆ ಸುಣ್ಣದ ಪುಡಿ ಉದುರಿಸುವುದು ಸೊಸೆ ಸುನಂದಳ ಕೆಲಸ. ಹುಳುವಿಗೆ ಚಳಿ ಆಗದು ಅಂತ ಕಿಟಕಿಗಳಿಗೆಲ್ಲ ಗೋಣಿ ಕಟ್ಟಿತ್ತು. ಆ ಬೆಳಿಗ್ಗೆ ಹುಳು ಮೇಯುವ ಕೆಳಗಿನ ತಟ್ಟೆ ಎಳೆಯಲು ಬಗ್ಗಿದ ಸುನಂದ ಅಲ್ಲೇ ಕೂತುಬಿಟ್ಟಳು. ಎಳೆದುಕೊಂಡ ಉಸಿರು ಹೊರಗೆ ಬರುತ್ತಿರಲಿಲ್ಲ. ಎದೆಯೊಳಗೆ ಸಿಳ್ಳೆ ಹಾಕಿದ ಹಾಗೆ ಸದ್ದು.

ಇದು ಹೊಸದೇನಲ್ಲ. ವರ್ಷದಿಂದ ಕೆಮ್ಮು, ದಮ್ಮು. ಒಬ್ಬ ಡಾಕ್ಟರು ಕಫ ಪರೀಕ್ಷೆ ಮಾಡಿಸಿ ಟಿ.ಬಿ. ಅಲ್ಲ ಅಂದಿದ್ದರು. ಬಾಯಿಗಿಟ್ಟು ಔಷಧಿ ಎಳೆದುಕೊಳ್ಳುವ ಇನ್‌ಹೇಲರ್ ಕೊಟ್ಟಿದ್ದರು. ಅದು ಚಟವಾಗಿಬಿಡುತ್ತದೆ ಎಂದು ಫೋನಿನಲ್ಲಿ ಯಾರೋ ಹೇಳಿದ ವಿಡಿಯೋ ನೋಡಿ ಉಮೇಶನೇ ಬಿಡಿಸಿದ. ಅದೇ ವಿಡಿಯೋದವನ ಕಷಾಯದ ಪುಡಿ ತರಿಸಿ ಕುಡಿಸುತ್ತಿದ್ದ.

ವಿಚಿತ್ರ ಅಂದರೆ, ಸುನಂದ ತವರಿಗೆ ಹೋದರೆ ದಮ್ಮು ನಿಂತುಹೋಗುತ್ತಿತ್ತು. ತವರು ನಂಗಲಿ. ಹೆದ್ದಾರಿ ಪಕ್ಕದ ಮನೆ, ಹಗಲೂ ರಾತ್ರಿ ಲಾರಿ, ಹೊಗೆ, ಧೂಳು. ಅಲ್ಲಿ ಆರಾಮಾಗಿ ನಿದ್ದೆ ಮಾಡುತ್ತಿದ್ದಳು. ಗಂಡನ ಮನೆಗೆ ಬಂದು ಹುಳುಮನೆಯ ಕೆಲಸಕ್ಕೆ ಇಳಿದರೆ ಮತ್ತೆ ಶುರು. ವೆಂಕಟರತ್ನಮ್ಮ ಇದನ್ನು ಗಮನಿಸಿದ್ದರು. ನೀರಿಗೆ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದರು. "ನಮ್ಮ ಸೊಸೆ ದಮ್ಮಿಗೆ ಕಣ್ಣಿದೆ ಕಣಮ್ಮ. ಹುಳದ ತಟ್ಟೆ ನೋಡಿದ್ರೆ ಬರ್ತದೆ, ಅಮ್ಮನ ಮುಖ ನೋಡಿದ್ರೆ ಹೋಗ್ತದೆ."

ಸುನಂದ ಅದನ್ನು ಕೇಳಿಸಿಕೊಂಡೇ ಹುಳುಮನೆಗೆ ಹೋಗುತ್ತಿದ್ದಳು. ಯಾಕೆ ಹೀಗಾಗುತ್ತದೆ ಎಂದು ಅವಳಿಗೂ ತಿಳಿದಿರಲಿಲ್ಲ.

ಆ ದಿನ ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಶಾಮಲಮ್ಮ ಓಡಿ ಬಂದು ಅವಳನ್ನು ಆಟೋದಲ್ಲಿ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಮೂಗಿಗೆ ಮಾಸ್ಕು ಇಟ್ಟು ಆವಿಯ ಹಾಗೆ ಔಷಧಿ ಕೊಟ್ಟ ಮೇಲೆ ಉಸಿರು ಹದಕ್ಕೆ ಬಂತು. ಇನ್ನೊಂದು ಸಲ ಹೀಗಾದರೆ ಜೀವಕ್ಕೇ ಅಪಾಯ, ನಾಳೆಯೇ ಕೋಲಾರದ ದೊಡ್ಡ ಆಸ್ಪತ್ರೆಯಲ್ಲಿ ಎದೆ ಡಾಕ್ಟರಿಗೆ ತೋರಿಸಿ ಎಂದು ಕಳಿಸಿದರು. ಹುಳು ಬಿಟ್ಟು ಉಮೇಶ ಬರುವ ಹಾಗಿರಲಿಲ್ಲ. ವೆಂಕಟರತ್ನಮ್ಮನವರೇ ಹೊರಟರು. ಸೊಸೆಗೆ ಏನೂ ಇಲ್ಲ ಅಂತ ಡಾಕ್ಟರ ಬಾಯಿಂದಲೇ ಕೇಳಬೇಕು ಅನ್ನುವುದು ಅವರ ಮನಸ್ಸಿನಲ್ಲಿತ್ತು. ಶಾಮಲಮ್ಮ ಜೊತೆಗೆ ಬಂದರು.

ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲ ವಿಚಾರಿಸಿ, ಏನು ಕೆಲಸ ಮಾಡ್ತೀರಿ ಎಂದು ಕೇಳಿದರು. ಸುನಂದ ಬಾಯಿ ತೆರೆಯುವ ಮೊದಲೇ ವೆಂಕಟರತ್ನಮ್ಮ, "ಬೇಸಾಯ ಸಾರ್. ರಾಗಿ, ಟೊಮೇಟೊ" ಅಂದುಬಿಟ್ಟರು. ಹುಳುವಿನ ಮಾತು ಎತ್ತಲಿಲ್ಲ. ಹುಳು ಮೇಯುತ್ತಿರುವಾಗ ಪರ ಊರಿನವರ ಮುಂದೆ ಅದರ ಹೆಸರು ಹೇಳಬಾರದು, ಹೇಳಿದರೆ ಕಣ್ಣು ಬಿದ್ದು ಗೂಡು ಕಟ್ಟುವ ಹೊತ್ತಿಗೆ ಸುಣ್ಣಕಟ್ಟು ರೋಗ ಬಂದು ಸಾಯುತ್ತದೆ ಎಂದು ಅವರ ಅತ್ತೆ ಹೇಳಿಕೊಟ್ಟಿದ್ದರು. ಆ ಮಾತನ್ನು ಅವರು ಒಂದು ಬೆಳೆಗೂ ಮುರಿದಿರಲಿಲ್ಲ. ಡಾಕ್ಟರು ಬೇಸಾಯ ಎಂದೇ ಬರೆದುಕೊಂಡರು. ಕೊಳವೆಗೆ ಊದಿಸಿ ಉಸಿರು ಅಳೆಯುವ ಪರೀಕ್ಷೆ ಮಧ್ಯಾಹ್ನಕ್ಕೆ, ಅಲ್ಲಿವರೆಗೆ ಕಾಯಿರಿ ಅಂದರು.

ಸುಮ್ಮನೆ ಕೂರುವ ಬದಲು ಲೈಬ್ರರಿಗೆ ಹೋಗಿ ಬರೋಣ ಅಂದರು ಶಾಮಲಮ್ಮ. ಆ ಆಸ್ಪತ್ರೆಗೆ ಸೇರಿದ ಮೆಡಿಕಲ್ ಕಾಲೇಜಿನ ಲೈಬ್ರರಿ ಅಂಗಳದ ಆಚೆ ಬದಿಗಿತ್ತು. ವೆಂಕಟರತ್ನಮ್ಮ ನಕ್ಕರು. "ನನಗೆ ಅಕ್ಷರ ಬರಲ್ಲ. ಇವಳದು ಏಳನೇ ಕ್ಲಾಸು. ಪುಸ್ತಕ ತೋರಿಸಿ ದಮ್ಮು ಬಿಡಿಸ್ತಾರೇನೇ, ಭೂತ ಬಿಡಿಸಿದ ಹಂಗೆ?"

"ನಮ್ಮ ಯಜಮಾನರ ಕಾಲಿನ ಹುಣ್ಣಿಗೆ ಏನು ಮಾಡಬೇಕು, ಏನು ಮಾಡಬಾರದು ಅಂತ ನಾನು ತಿಳ್ಕೊಂಡಿದ್ದು ಅಲ್ಲೇ ಅಕ್ಕ. ಓದೋಕೆ ಬರದೇ ಇದ್ರೆ ಓದಿ ಹೇಳ್ತಾರೆ. ಕೇಳೋಕೆ ಬಂದ್ರೆ ಸಾಕು."

ಬಾಗಿಲಲ್ಲಿ ವೆಂಕಟರತ್ನಮ್ಮ ಚಪ್ಪಲಿ ಬಿಟ್ಟರು. ಬಿಡಿ ಅಂತ ಯಾರೂ ಹೇಳಿರಲಿಲ್ಲ. ಒಳಗೆ ದೊಡ್ಡ ಹಜಾರ. ಸೂರಿನವರೆಗೂ ಕಬ್ಬಿಣದ ಅಟ್ಟಣಿಗೆ, ತುಂಬ ಪುಸ್ತಕ. ಓದುವ ಹುಡುಗ ಹುಡುಗಿಯರು ತಲೆ ಬಗ್ಗಿಸಿ ಕೂತಿದ್ದರು. ಅಷ್ಟು ಜನ ಇದ್ದೂ ಸದ್ದಿಲ್ಲ. ಇಷ್ಟೂ ಪುಸ್ತಕ ಯಾತರದು ಎಂದು ವೆಂಕಟರತ್ನಮ್ಮ ಪಿಸುಗುಟ್ಟಿದರು. ಎಲ್ಲ ಮನುಷ್ಯನ ಮೈ ಬಗ್ಗೆ, ಕಾಯಿಲೆ ಬಗ್ಗೆ ಎಂದರು ಶಾಮಲಮ್ಮ. ವೆಂಕಟರತ್ನಮ್ಮ ಅಟ್ಟಣಿಗೆಯ ಮೇಲೆ ಕೈ ಆಡಿಸುತ್ತಾ ನಿಧಾನಕ್ಕೆ ನಡೆದರು. ಒಂದು ಮೇಜಿನ ಮೇಲೆ ತೆರೆದಿಟ್ಟ ಪುಸ್ತಕದಲ್ಲಿ ಎದೆಗೂಡಿನ ಚಿತ್ರ ಇತ್ತು. ಗಂಟಲಿಂದ ಇಳಿದ ಕೊಳವೆ ಎರಡು ಕೊಂಬೆಯಾಗಿ, ಕೊಂಬೆ ರೆಂಬೆಯಾಗಿ, ರೆಂಬೆ ಕೂದಲಷ್ಟು ಸಣ್ಣ ಕಡ್ಡಿಗಳಾಗಿ ಹರಡಿತ್ತು. ಬುಡ ಮೇಲಾಗಿ ನಿಲ್ಲಿಸಿದ ಗಿಡದ ಹಾಗೆ. ಅವರು ಬಹಳ ಹೊತ್ತು ಅದನ್ನೇ ನೋಡಿದರು.

"ನನ್ನೊಳಗೂ ಹಿಂಗೇ ಇದೆಯೇನಮ್ಮ?" ಎಂದು ಅಲ್ಲಿ ಓದುತ್ತಿದ್ದ ಹುಡುಗಿಯನ್ನು ಕೇಳಿದರು.

"ಎಲ್ಲರೊಳಗೂ ಹಿಂಗೇ ಅಜ್ಜಿ."

ವೆಂಕಟರತ್ನಮ್ಮ ತಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಸುನಂದಳ ಕಡೆ ನೋಡಿದರು.

ಲೈಬ್ರರಿಯನ್ ಹೆಸರು ಅಮರನಾಥ್, ಮುಳಬಾಗಿಲು ಕಡೆಯವರು. ವೆಂಕಟರತ್ನಮ್ಮ ತಮ್ಮ ತವರಿನ ಮಾತಾದ ತೆಲುಗಿನಲ್ಲಿ ಗೊಣಗುತ್ತಿದ್ದುದನ್ನು ಕೇಳಿ, ತೆಲುಗಿನಲ್ಲೇ ಊರು ವಿಚಾರಿಸಿ ಕುರ್ಚಿ ಹಾಕಿಸಿದರು. ಮೊದಲೇ ಒಂದು ಮಾತು ಹೇಳಿದರು. "ನಾನು ಡಾಕ್ಟರಲ್ಲಮ್ಮ. ರೋಗ ಇಂಥದ್ದು ಅಂತ ಹೇಳೋದು, ಔಷಧಿ ಕೊಡೋದು ನನ್ನ ಕೆಲಸ ಅಲ್ಲ. ನಿಮಗೆ ಏನು ತಿಳೀಬೇಕೋ ಕೇಳಿ. ಅದರ ಬಗ್ಗೆ ತಿಳಿದೋರು ಎಲ್ಲಿ ಏನು ಬರೆದಿದಾರೆ ಅಂತ ಹುಡುಕಿ ಕೊಡ್ತೀನಿ. ಇಲ್ಲಿ ಆಡಿದ ಮಾತು ಹೊರಗೆ ಹೋಗಲ್ಲ."

ಸುನಂದ ತನಗೆ ದಮ್ಮು ಯಾಕೆ ಬರುತ್ತದೆ ಎಂದು ತಿಳಿಯಬೇಕು ಅಂದಳು. ಯಾವಾಗ ಜಾಸ್ತಿ, ಯಾವಾಗ ಕಮ್ಮಿ ಎಂದು ಅವರು ಕೇಳಿದರು. ತವರಿನಲ್ಲಿ ಇರುವುದಿಲ್ಲ ಎಂದು ತಲೆ ತಗ್ಗಿಸಿ ಹೇಳಿದಳು. ಅಮರನಾಥ್ ನಗಲಿಲ್ಲ. ಅದನ್ನೇ ಮುಖ್ಯವಾಗಿ ಬರೆದುಕೊಂಡರು.

"ನಿಮ್ಮ ಮನೇಲಿರೋದು, ನಂಗಲೀಲಿ ಇಲ್ಲದ್ದು ಏನು?"

ಸುನಂದ ಅತ್ತೆಯ ಮುಖ ನೋಡಿದಳು. ಶಾಮಲಮ್ಮನಿಗೂ ಗೊತ್ತು, ಆದರೆ ಇನ್ನೊಬ್ಬರ ಮನೆಯ ಹುಳುವಿನ ಮಾತು ಅವರು ಹೇಳುವಂತಿಲ್ಲ. ವೆಂಕಟರತ್ನಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಾ ಕೂತರು. ಮನೆಯಲ್ಲಿ ಅಷ್ಟೂ ತಟ್ಟೆಯ ತುಂಬ ಹುಳು ಮೇಯುತ್ತಿತ್ತು. ಇನ್ನು ಕೆಲವೇ ದಿನದಲ್ಲಿ ಬಲಿತು ಹಣ್ಣಾಗಿ ಗೂಡು ಕಟ್ಟಬೇಕು. ಪಕ್ಕದಲ್ಲಿ ಸೊಸೆಯ ಎದೆ ಸಣ್ಣಗೆ ಸಿಳ್ಳೆ ಹಾಕುತ್ತಲೇ ಇತ್ತು. ಕೊನೆಗೆ, ಕನ್ನಡದಲ್ಲಿ ಹೇಳಲು ಬಾಯಿ ಬರದೆ, ತೆಲುಗಿನಲ್ಲಿ ಹೇಳಿದರು.

"ಇಂಟ್ಲೋ ಪುರುಗು ಉಂದಿ ನಾಯನಾ." ಮನೇಲಿ ರೇಷ್ಮೆ ಹುಳ ಇದೆಯಪ್ಪಾ ಅಂತ.

ಹೇಳಿ ಬಾಯಿಗೆ ಸೆರಗು ಹಿಡಿದರು.

ಅಮರನಾಥ್ ಕಂಪ್ಯೂಟರಿನಲ್ಲಿ ಏನೋ ಒತ್ತಿದರು. ಪರದೆಯ ತುಂಬ ಸಾಲು ಸಾಲಾಗಿ ಹೆಸರುಗಳು ಬಂದವು. ಎಲ್ಲವನ್ನೂ ನಂಬುವ ಹಾಗಿಲ್ಲ ಎಂದು ಅವರು ವಿವರಿಸಿದರು. ಬರೆದವರು ಯಾರು, ಯಾವ ಆಸ್ಪತ್ರೆಯವರು, ಎಷ್ಟು ಜನರನ್ನು ಪರೀಕ್ಷೆ ಮಾಡಿ ಬರೆದರು, ಯಾವ ವರ್ಷದ್ದು, ಬರೆದವರಿಗೆ ಏನಾದರೂ ಮಾರುವುದಿದೆಯೋ, ಇಷ್ಟು ನೋಡಬೇಕಂತೆ. ಸುನಂದ ಕಷಾಯದ ವಿಡಿಯೋ ವಿಷಯ ಹೇಳಿದಳು. ವಿಡಿಯೋದವನು ಯಾವ ಆಸ್ಪತ್ರೆಯವನು ಎಂದು ಕೇಳಿದರು. ಅವಳಿಗೆ ಗೊತ್ತಿರಲಿಲ್ಲ. ಕೊನೆಯಲ್ಲಿ ಏನು ಮಾರುತ್ತಾನೆ ಎಂದು ಕೇಳಿದರು. ಅದು ಗೊತ್ತಿತ್ತು.

ಆಮೇಲೆ ಆರಿಸಿದ ಒಂದು ಬರಹವನ್ನು ಅವರು ಕನ್ನಡ ಮಾಡಿ ನಿಧಾನಕ್ಕೆ ಹೇಳಿದರು. ಅದು ಜಪಾನ್ ದೇಶದ್ದು, ಬಹಳ ಹಿಂದಿನದು. ಅಲ್ಲಿ ರೇಷ್ಮೆ ಹುಳು ಸಾಕುವವರಲ್ಲಿ ಕೆಲವರಿಗೆ ಹುಳುವಿನ ಕಾಲದಲ್ಲಿ ಕೆಮ್ಮು, ಎದೆ ಬಿಗಿತ, ಸಿಳ್ಳೆ. ಅವರಲ್ಲಿ ಒಬ್ಬ ಹೆಂಗಸಿಗೆ ಹಾಸಿಗೆ ಬದಲಿಸುವಾಗಲೇ ದಮ್ಮು. ಹುಳುವಿನಿಂದ ದೂರ ಇದ್ದರೆ ಕಡಿಮೆ. ಮತ್ತೆ ಹುಳುಮನೆಗೆ ಹೋದರೆ ಮತ್ತೆ ಶುರು. ಹುಳುವಿನ ಮೈಯಿಂದ, ಹಿಕ್ಕೆಯಿಂದ ಏಳುವ ಕಣ್ಣಿಗೆ ಕಾಣದ ಧೂಳು ಕೆಲವರ ಉಸಿರಿನ ಕೊಳವೆಗೆ ಆಗುವುದಿಲ್ಲ.

ವೆಂಕಟರತ್ನಮ್ಮ ಕೇಳುತ್ತಾ ಕೇಳುತ್ತಾ ಕುರ್ಚಿಯ ಅಂಚಿಗೆ ಬಂದಿದ್ದರು.

"ಇದನ್ನ ಬರೆದೋರು ನಮ್ಮನೆಗೆ ಯಾವಾಗ ಬಂದಿದ್ರು?" ಅಂದರು.

ಯಾರೂ ಬಂದಿರಲಿಲ್ಲ. ಸಮುದ್ರದ ಆಚೆ, ಭಾಷೆ ಬೇರೆ, ಬಟ್ಟೆ ಬೇರೆ. ಅಲ್ಲೂ ಒಬ್ಬ ಹೆಂಗಸು ಹುಳುವಿನ ಹಾಸಿಗೆ ಬದಲಿಸುತ್ತಾ ಉಸಿರು ಸಿಕ್ಕದೆ ಕೂತಿದ್ದಾಳೆ. ಅವಳು ಹೇಳಿಕೊಂಡಿದ್ದಾಳೆ, ಒಬ್ಬರು ಕೇಳಿ ಬರೆದಿಟ್ಟಿದ್ದಾರೆ. ಅದು ಇಷ್ಟು ವರ್ಷ ಕೆಡದೆ ಕಾದಿದ್ದು ಇವತ್ತು ಕೋಲಾರದಲ್ಲಿ ತಮ್ಮ ಕಿವಿಗೆ ಬಿತ್ತು. ನಮ್ಮ ದೇಶದಲ್ಲೂ ಡಾಕ್ಟರುಗಳು ರೇಷ್ಮೆ ಕೆಲಸದವರನ್ನು ಪರೀಕ್ಷೆ ಮಾಡಿ ಬರೆದಿದ್ದಾರೆ ಎಂದು ಅಮರನಾಥ್ ಇನ್ನೊಂದು ಹಾಳೆ ತೋರಿಸಿದರು. ವೆಂಕಟರತ್ನಮ್ಮ ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು, ಪ್ರಸಾದ ತೆಗೆದುಕೊಳ್ಳುವ ಹಾಗೆ.

"ನಿಮಗೆ ಇದೇ ಆಗಿದೆ ಅಂತ ನಾನು ಹೇಳಲ್ಲ. ಇದನ್ನ ಡಾಕ್ಟರಿಗೆ ಕೊಡಿ. ಹುಳ ಸಾಕ್ತೀವಿ ಅಂತ ಮೊದಲು ಹೇಳಿ" ಎಂದರು ಅಮರನಾಥ್. ಡಾಕ್ಟರನ್ನು ಏನೇನು ಕೇಳಬೇಕು ಎಂದು ಸುನಂದಳ ಕೈಯಲ್ಲೇ ಬರೆಸಿ ಕಳಿಸಿದರು.

ಮಧ್ಯಾಹ್ನ ಡಾಕ್ಟರು ಹಾಳೆಗಳನ್ನು ಪೂರ್ತಿ ಓದಿದರು. ಬೆಳಿಗ್ಗೆ ಯಾಕೆ ಹೇಳಲಿಲ್ಲ ಎಂದು ಕೇಳಿದಾಗ ವೆಂಕಟರತ್ನಮ್ಮ, "ಇವಳ ತಪ್ಪಿಲ್ಲ ಸಾರ್, ನಾನೇ ಬಾಯಿ ಮುಚ್ಚಿಸಿದೆ" ಅಂದರು. ಡಾಕ್ಟರು ಊದಿಸಿ ನೋಡಿದರು, ಔಷಧಿ ಕೊಟ್ಟು ಮತ್ತೆ ಊದಿಸಿದರು. ಇದು ಅಸ್ತಮಾ. ಹುಳುವಿನ ಧೂಳೇ ಕಾರಣ ಇರಬಹುದು, ಖಾತ್ರಿ ಮಾಡಿಕೊಳ್ಳೋಣ ಎಂದು ಊದಿ ಅಳೆಯುವ ಸಣ್ಣ ಸಾಧನ ಕೊಟ್ಟು, ಮನೆಯಲ್ಲಿದ್ದಾಗಲೂ ತವರಿನಲ್ಲಿದ್ದಾಗಲೂ ಅಳತೆ ನೋಡಲು ಹೇಳಿದರು. ಇನ್‌ಹೇಲರ್ ಚಟವಲ್ಲ, ಕೇಳದೆ ಬಿಡಬೇಡಿ. ಹುಳುಮನೆಯಿಂದ ದೂರ ಇರಿ. ಹಾಗೂ ಕಡಿಮೆಯಾಗದಿದ್ದರೆ ಮನೆಯವರು ಹುಳುವನ್ನೇ ಬಿಡಬೇಕಾದೀತು. ಇದನ್ನೆಲ್ಲ ಅವರು ಸಮಾಧಾನವಾಗಿ ಹೇಳಿದರು.

ವೆಂಕಟರತ್ನಮ್ಮ ಮನೆಗೆ ಬಂದವರೇ ಮೂಗು ಬಾಯಿಗೆ ಮಾಸ್ಕು ಹಾಕಿ, ಕಿಟಕಿಯ ಗೋಣಿ ಅರ್ಧ ಸರಿಸಿ, ಹುಳುವಿನ ಹಾಸಿಗೆ ಬದಲಿಸಲು ತಾವೇ ಕೂತರು. ಬಿಡಿ ಅತ್ತೆ, ನಾನು ಮಾಡ್ತೀನಿ ಎಂದು ಸುನಂದ ಬಾಗಿಲಿಗೆ ಬಂದಳು.

"ಒಳಗೆ ಬಂದ್ರೆ ಕಾಲು ಮುರೀತೀನಿ. ತೋಟಕ್ಕೆ ಹೋಗು, ಅವನ ಜೊತೆ ಸೊಪ್ಪು ಕೊಯ್ಯಿ."

ಉಮೇಶ ವಿಡಿಯೋ ಬಗ್ಗೆ ಏನೋ ಹೇಳಲು ಬಂದ. "ಪುಡಿ ಮಾರೋನು ಪುಡಿ ಒಳ್ಳೇದು ಅನ್ನದೆ ಇನ್ನೇನಂತಾನೋ" ಎಂದು ಅವನ ತಾಯಿ ಬಾಯಿ ಮುಚ್ಚಿಸಿದರು.

ಹುಳು ಹಣ್ಣಾಯಿತು. ಹೆಸರು ಹೇಳಿದ್ದಕ್ಕೆ ಯಾವ ರೋಗವೂ ಬರದೆ, ಎಲ್ಲ ಬೆಳೆಯ ಹಾಗೆಯೇ ಗೂಡು ಕಟ್ಟಿತು. ಸುನಂದ ಎರಡೂ ಕಡೆ ಬರೆದಿಟ್ಟ ಅಳತೆ ನೋಡಿದ ಡಾಕ್ಟರು ಹುಳುವಿನ ಧೂಳೇ ಕಾರಣ ಎಂದು ಖಾತ್ರಿ ಮಾಡಿದರು. ಮುಂದಿನ ಬೆಳೆಗೆ ಹುಳುವನ್ನು ಹಿತ್ತಲಿನ ಬೇರೆ ಶೆಡ್ಡಿಗೆ ಹಾಕಿದರು. ಸುನಂದ ಅದರ ಹತ್ತಿರ ಹೋಗುವುದಿಲ್ಲ, ಔಷಧಿ ತಪ್ಪಿಸುವುದಿಲ್ಲ. ಈಗ ಗಂಡನ ಮನೆಯಲ್ಲೂ ಮಲಗಿದರೆ ಬೆಳಗಿನವರೆಗೆ ನಿದ್ದೆ.

ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ವೆಂಕಟರತ್ನಮ್ಮ ಎದ್ದು ನಿಂತು ಇದನ್ನೆಲ್ಲ ಹೇಳಿದರು. ಸೊಸೆಯನ್ನು ಆಡಿಕೊಂಡ ಮಾತನ್ನೂ ಬಿಡಲಿಲ್ಲ. ಜಪಾನಿನ ಆ ಹೆಂಗಸಿನ ಹೆಸರೇನು ಎಂದು ಯಾರೋ ಕೇಳಿದರು. ರೋಗಿಯ ಹೆಸರು ಬರೆಯುವುದಿಲ್ಲವಂತೆ ಎಂದರು ಶಾಮಲಮ್ಮ.

"ಅವಳು ಬಾಯಿ ಬಿಟ್ಟು ಹೇಳಿದ್ದಕ್ಕೆ ನನ್ನ ಸೊಸೆ ಉಳಿದಳು. ಹೆಸರೇ ಇಲ್ಲದೋಳ ಋಣ ನಾನು ಹೆಂಗೆ ತೀರಿಸಲಿ?" ಎಂದು ವೆಂಕಟರತ್ನಮ್ಮ ಕೇಳಿದರು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯ ಕಾಯಿಲೆ ನಿಮ್ಮ ಮನೆಗೆ ಮಾತ್ರ ಬಂದದ್ದಲ್ಲ. ಎಲ್ಲೋ ಯಾರೋ ಅನುಭವಿಸಿದ್ದಾರೆ, ತಿಳಿದವರು ಬರೆದಿಟ್ಟಿದ್ದಾರೆ. ಅದನ್ನು ಹುಡುಕಿಕೊಡುವವರೂ ಇದ್ದಾರೆ. ಆಸ್ಪತ್ರೆಗೆ ಹೋದಾಗ ಇಲ್ಲಿ ಲೈಬ್ರರಿ ಇದೆಯಾ, ನಮಗೆ ಸಹಾಯ ಸಿಗುತ್ತದಾ ಎಂದು ಕೇಳಿ. ಎಲ್ಲ ಕಡೆ ಒಳಗೆ ಬಿಡಲಿಕ್ಕಿಲ್ಲ. ಬಿಡದಿದ್ದರೆ ನಿಮ್ಮ ಪಂಚಾಯ್ತಿ ಗ್ರಂಥಾಲಯದವರನ್ನು, ಆಶಾ ಕಾರ್ಯಕರ್ತೆಯನ್ನು ಕೇಳಿ. ಓದಲು ಬರುವುದಿಲ್ಲ ಎಂದು ನಾಚಿಕೆ ಬೇಡ. ಫೋನಿನಲ್ಲಿ ಬಂದದ್ದನ್ನು ನಂಬಿ ಔಷಧಿ ಬಿಡಬೇಡಿ. ಸಿಕ್ಕಿದ ಹಾಳೆಯನ್ನು ಡಾಕ್ಟರಿಗೆ ತೋರಿಸಿ. ನೀವು ಮಾಡುವ ಕೆಲಸ ಯಾವುದೇ ಇರಲಿ, ಮುಚ್ಚಿಡದೆ ಹೇಳಿ. ನಿಮ್ಮ ಮಾತು ಯಾವ ದೇಶದ ಯಾವ ಹೆಣ್ಣಿನ ಉಸಿರಿಗೆ ಬೇಕಾಗಿದೆಯೋ, ಯಾರು ಬಲ್ಲರು? ವೆಂಕಟರತ್ನಮ್ಮನವರ ಋಣ ಇನ್ನೂ ತೀರಿಲ್ಲ. ಅದನ್ನು ಸ್ವಲ್ಪ ಸ್ವಲ್ಪವಾಗಿ ನಾವೆಲ್ಲ ಸೇರಿಯೇ ತೀರಿಸಬೇಕು.