ಜಾಲಿಕೆರೆಯ ಎಡ ದಂಡೆ

ಬೇವೂರಿನ ಆಚೆಗಿರುವ ಜಾಲಿಕೆರೆಯ ಕಲ್ಲುಸೇತುವೆ ನಿಜಾಮರ ಕಾಲದ್ದು. ನಡುವಿನ ಕಂಬ ಬಿರುಕು ಬಿಟ್ಟ ಮೇಲೆ ಬಸ್ಸು, ಲಾರಿಗಳನ್ನು ನಿಲ್ಲಿಸಿದ್ದರು. ನಡೆದು ಹೋಗುವವರು, ಬೈಕಿನವರು ಮಾತ್ರ ದಾಟುತ್ತಿದ್ದರು. 2018ರ ಬೇಸಿಗೆಯಲ್ಲಿ ಅದರ ಪಕ್ಕಕ್ಕೇ ಹೊಸ ಸೇತುವೆಯ ಕೆಲಸ ಶುರುವಾಯಿತು. ಉಸ್ತುವಾರಿಗೆ ಬಂದವಳು ಅಮೃತಾ ಎಂಬ ಕಿರಿಯ ಎಂಜಿನಿಯರ್.

ಕೆರೆಯ ಎಡ ದಂಡೆ ಮಾತ್ರ ಬೇವೂರಿನ ಜೈನಾಬೀ ಮತ್ತು ಅವಳ ಮಹಿಳಾ ಸಂಘದ ಹೆಂಗಸರದು. ಹಿಂದಿನ ವರ್ಷವೇ ಅವರು ಅಲ್ಲಿಯ ಜಾಲಿಮುಳ್ಳು ಕಿತ್ತು, ಮಣ್ಣು ಕೊಚ್ಚಿಹೋಗದಂತೆ ಲಾವಂಚದ ಬುಡಗಳನ್ನೂ ಹೊಂಗೆ ಸಸಿಗಳನ್ನೂ ನೆಟ್ಟಿದ್ದರು. ಬೇಸಿಗೆಯುದ್ದಕ್ಕೂ ಕೊಡದಲ್ಲಿ ನೀರು ಹೊತ್ತು ಉಳಿಸಿಕೊಂಡಿದ್ದರು. ಕೆಲಸ ಶುರುವಾದ ದಿನ ಅಮೃತಾ ಆ ದಂಡೆಗೆ ಒಂದು ಗಾಲಿಯೂ ಇಳಿಯುವುದಿಲ್ಲ ಎಂದು ಮಾತು ಕೊಟ್ಟಿದ್ದಳು.

ಹೊಸ ಕಂಬದ ಪಾಯ ತೋಡಲು, ಹಳೆಯ ಸೇತುವೆಗಿಂತ ಮೇಲೆ, ಹಳ್ಳ ಕೆರೆಗೆ ಸೇರುವ ಕಡೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕಿದ್ದರು. ಜೂನ್ ತಿಂಗಳ ಒಂದು ಮಧ್ಯಾಹ್ನ, ಇಲ್ಲಿ ಹನಿ ಮಳೆಯಿಲ್ಲದಾಗ, ಮೇಲಿನ ಸೀಮೆಯಲ್ಲಿ ಸುರಿದ ನೀರೆಲ್ಲ ಹಳ್ಳದಲ್ಲಿ ಬಂತು. ಅಮೃತಾ ನೋಡನೋಡುತ್ತಲೇ ಒಡ್ಡಿನ ಹಿಂದೆ ಅರ್ಧ ಆಳು ನೀರು ಏರಿತು.

ಪಾಯದ ಗುಂಡಿಯಲ್ಲಿದ್ದವರನ್ನೆಲ್ಲ ಅವಳು ಮೇಲೆ ಹತ್ತಿಸಿದಳು. ಸೇತುವೆಯ ಎರಡೂ ತುದಿಗೆ ಆಳು ನಿಲ್ಲಿಸಿ ದಾಟುವವರನ್ನು ತಡೆಸಿದಳು. ಒಡ್ಡು ನಡುವೆ ಒಡೆದರೆ ಅಷ್ಟೂ ನೀರು ಒಮ್ಮೆಗೇ ಹೋಗಿ ಬಿರುಕು ಬಿಟ್ಟ ಕಂಬಕ್ಕೆ ಬಡಿಯುತ್ತದೆ. ಅದಕ್ಕೂ ಮೊದಲು ಅಂಚಿನಲ್ಲಿ ಕಡಿದು ನೀರನ್ನು ಹರಿಯಬಿಡಬೇಕು. ಬಲ ಅಂಚಿನ ಮಣ್ಣು ಮೆತ್ತಗಿತ್ತು. ಜೆಸಿಬಿ ಅಲ್ಲಿಗೆ ಹೋದರೆ ಡ್ರೈವರ್ ಮೆಹಬೂಬಸಾಬನ ಸಮೇತ ಕುಸಿಯುವುದು ಖಂಡಿತ. ಉಳಿದದ್ದು ಎಡ ಅಂಚು; ಅಲ್ಲಿ ಕಡಿದರೆ ನೀರು ಹೆಂಗಸರು ನೆಟ್ಟ ದಂಡೆಯ ಮೇಲೆಯೇ ಹರಿಯುತ್ತದೆ.

ಗುತ್ತಿಗೆದಾರನ ಮ್ಯಾನೇಜರ್ ಗೋವಿಂದರಾಜ ತಡಮಾಡದೆ ಜೆಸಿಬಿಯನ್ನು ಎಡಕ್ಕೆ ತಿರುಗಿಸಿದ. ಸುದ್ದಿ ಊರು ಮುಟ್ಟಿತ್ತು. ಯಂತ್ರ ದಂಡೆ ಮುಟ್ಟುವಷ್ಟರಲ್ಲಿ ಗುದ್ದಲಿ ಹಿಡಿದ ಮೂವತ್ತು ಹೆಂಗಸರು ಅಲ್ಲಿದ್ದರು. ಜೈನಾಬೀ ಅದರ ಮುಂದೆ ಬಂದು ನಿಂತಳು. ಮೆಹಬೂಬಸಾಬ ಎಂಜಿನ್ ಬಂದ್ ಮಾಡಿಬಿಟ್ಟ.

ಅಮೃತಾ ಓಡಿ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬಲಗಡೆ ಯಾಕಾಗದು, ನಡುವೆ ಒಡೆದರೆ ಏನಾಗುತ್ತದೆ, ಎಷ್ಟು ಹೊತ್ತು ಉಳಿದಿದೆ, ಎಲ್ಲವನ್ನೂ.

"ನೀವು ಮಾತು ಕೊಟ್ಟಿದ್ರಿ, ಮೇಡಮ್ಮಾರ," ಅಂದಳು ಜೈನಾಬೀ.

"ಹೌದ್ರಿ ಅಕ್ಕಾ, ಕೊಟ್ಟಿದ್ದೆ. ಈಗ ಉಳಿಸ್ಕೊಳ್ಳಾಕ ಆಗವಲ್ದು."

ಜೈನಾಬೀ ಒಡ್ಡಿನ ಕಡೆ ನೋಡಿದಳು. ಅದರ ತುದಿಗೂ ನೀರಿಗೂ ನಡುವೆ ಎರಡು ಗೇಣು ಅಂತರವಿತ್ತು. "ಕಿತ್ಕೊಳ್ಳೂವಷ್ಟು ಕಿತ್ಕೊಂತೀವಿ. ಅಲ್ಲೀತನಕ ನಿಂದರ್ರಿ."

ಗೋವಿಂದರಾಜ ಇದು ಹುಚ್ಚುತನ ಎಂದು ಕೂಗಾಡಿದ. ಆ ಅಂತರ ಒಂದು ಗೇಣಿಗೆ ಇಳಿಯುವವರೆಗೆ ಮಾತ್ರ ಕಾಯುತ್ತೇನೆ ಎಂದು ಅಮೃತಾ ಜೈನಾಬೀಗೆ ಹೇಳಿ, ಒಡ್ಡಿನ ಮೇಲೆ ನೀರು ಅಳೆಯುವ ಕೋಲು ಹಿಡಿದು ಕುಳಿತಳು. ಹೆಂಗಸರು ಸಾಲುಸಾಲಾಗಿ ಅಗೆಯತೊಡಗಿದರು. ಲಾವಂಚದ ಬೇರು ಆಳಕ್ಕಿಳಿದಿತ್ತು, ಸುಲಭಕ್ಕೆ ಬರುತ್ತಿರಲಿಲ್ಲ. ಗುದ್ದಲಿಯಿಂದ ಮಣ್ಣು ಸಮೇತ ಎಬ್ಬಿಸಿ ಗೋಣಿಚೀಲಕ್ಕೆ ತುಂಬಿ ದಿನ್ನೆಯ ಮೇಲಕ್ಕೆ ಎಳೆದರು. ಎಂಟು ನಿಮಿಷವಾಗಿರಬೇಕು, ಹಳೆಯ ಸೇತುವೆಯಿಂದ ಕಲ್ಲು ಕಲ್ಲಿಗೆ ತಿಕ್ಕಿದಂಥ ಸದ್ದು ಬಂತು. ಒಡ್ಡಿನ ಬುಡದಲ್ಲಿ ನೀರು ಜಿನುಗತೊಡಗಿತ್ತು. ಅಮೃತಾ ಕೋಲು ಎತ್ತಿಕೊಂಡು ಎದ್ದಳು. ಗೇಣಿಗೆ ಇನ್ನೂ ಎರಡು ಬೆರಳು ಬಾಕಿ ಇತ್ತು.

"ಸಾಕ್ರಿ, ಎಲ್ಲಾರೂ ಮ್ಯಾಲ ಹತ್ರಿ," ಎಂದಳು.

ಜೈನಾಬೀ ಇನ್ನೂ ಅಗೆಯುತ್ತಿದ್ದಳು. ಅಮೃತಾಳೇ ಇಳಿದು ಹೋಗಿ ಅವಳ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಮೆಹಬೂಬಸಾಬ ನಾಲ್ಕೇ ಸಲ ಬಕೆಟ್ ಹಾಕಿದ. ಐದನೆಯದಕ್ಕೆ ನೀರು ತಾನೇ ದಾರಿ ಮಾಡಿಕೊಂಡಿತು. ಅವನು ಯಂತ್ರವನ್ನು ಹಿಂದಕ್ಕೆ ತೆಗೆಯುವಷ್ಟರಲ್ಲಿ ಕೆಂಪು ನೀರು ದಂಡೆಯನ್ನು ಕೊರೆಯುತ್ತ, ಹೊಂಗೆ ಸಸಿಗಳನ್ನು ಹೊತ್ತುಕೊಂಡು ಕೆರೆಗೆ ನುಗ್ಗಿತು. ಬಿರುಕು ಬಿಟ್ಟ ಕಂಬ ಆ ಹರಿವನ್ನೂ ತಾಳಲಿಲ್ಲ, ಸಂಜೆ ಐದರ ಸುಮಾರಿಗೆ ಹಳೆಯ ಸೇತುವೆಯ ನಡುವಿನ ಕಮಾನು ಕುಸಿಯಿತು. ಮೇಲೆ ಯಾರೂ ಇರಲಿಲ್ಲ.

ಲಾವಂಚದಲ್ಲಿ ಮೂರರಲ್ಲೊಂದು ಪಾಲು ಉಳಿಯಿತು. ಒಡ್ಡು ಕಡಿಯಲು ತಡಮಾಡಿದ್ದಕ್ಕೆ ಅಮೃತಾಳಿಗೆ ಇಲಾಖೆಯಿಂದ ನೋಟಿಸು ಬಂತು. ಎಷ್ಟು ಹೊತ್ತು ಕಾದೆ, ಯಾಕೆ ಕಾದೆ ಎಂಬುದನ್ನು ಮುಚ್ಚಿಡದೆ ಬರೆದು ಕಳಿಸಿದಳು. ಮುಂದಿನ ಬಡ್ತಿ ಅವಳ ಕೈತಪ್ಪಿತು.

ಜೈನಾಬೀ ಎರಡು ತಿಂಗಳು ಅವಳ ಜೊತೆ ಮಾತಾಡಲಿಲ್ಲ. ಆಗಸ್ಟಿನಲ್ಲಿ ಹೆಂಗಸರು ಮತ್ತೆ ನೆಡಲು ಕೂತಾಗ ಅಮೃತಾ ರಜೆ ಹಾಕಿ ಬಂದು ಗುಂಡಿ ತೋಡಿದಳು. ಮೂರನೆಯ ದಿನ ಜೈನಾಬೀ ಹತ್ತಿರ ಬಂದಳು.

"ಬಿದ್ದ ಸೇತುವಿ ಕಲ್ಲು ಎಲ್ಲಿ ಒಯ್ತೀರಿ?"

ಹರಾಜು ಹಾಕುತ್ತಾರೆ ಅಂದಳು ಅಮೃತಾ.

"ಹರಾಜು ಬ್ಯಾಡ. ಈ ದಂಡಿಗೆ ಹಾಕಿಸ್ರಿ. ಮಣ್ಣು ನಿಲ್ಲತೈತಿ."

ಅದಕ್ಕೆ ಮಂಜೂರಾತಿ ಪಡೆಯಲು ಅಮೃತಾ ಐದು ತಿಂಗಳು ಕೊಪ್ಪಳಕ್ಕೆ ಓಡಾಡಿದಳು. ಹೊಸ ಸೇತುವೆಯ ಮೇಲೆ ಮೊದಲ ಬಸ್ಸು ದಾಟಿದ ವಾರ ಮೆಹಬೂಬಸಾಬ ಆ ಕಲ್ಲುಗಳನ್ನು ಎಡ ದಂಡೆಗೆ ಇಳಿಸತೊಡಗಿದ. ಯಾವ ಕಲ್ಲು ಎಲ್ಲಿ ಕೂರಬೇಕೆಂದು ಹೇಳುತ್ತ ಜೈನಾಬೀ ದಿನವಿಡೀ ಬಿಸಿಲಿನಲ್ಲೇ ನಿಂತಿದ್ದಳು.