ಬಂದಾದ ರಿಯಾಕ್ಟರಿನ ನಡುಕ

ಪೋಖ್ರಣದ ಬಾಂಬ್ ಪರೀಕ್ಷೆಯ ಮರುವರ್ಷ ಬೈಲಹೊಂಗಲದಲ್ಲಿ ಅಣು ಎಂದವರಿಗೆಲ್ಲ ಶಾಲು ಹೊದಿಸುವ ಹುಮ್ಮಸ್ಸು ಎದ್ದಿತ್ತು. ದೂರದ ಒಂದು ರಿಯಾಕ್ಟರಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಡಾಕ್ಟರ್ ನಿಜಗುಣಪ್ಪನವರು ಬಾಂಬಿನ ಹತ್ತಿರ ಸುಳಿದವರೇ ಅಲ್ಲ. ಹಾಗೆಂದು ಹೇಳಿ ಊರಿನ ಉತ್ಸಾಹ ಕೆಡಿಸುವಷ್ಟು ಒರಟರೂ ಅಲ್ಲ.

ಅವರ ವಿದ್ಯೆ ಬೇರೆ. ನಡೆಯುತ್ತಿರುವ ರಿಯಾಕ್ಟರಿನ ಶಕ್ತಿ ಒಂದೇ ಸಮ ನಿಲ್ಲದೆ ಸಣ್ಣಗೆ ನಡುಗುತ್ತಿರುತ್ತದೆ; ಒಳಗೆ ಸರಳೊಂದು ಸಡಿಲವಾಗಿದ್ದರೆ ಆ ನಡುಕವೇ ಚಾಡಿ ಹೇಳುತ್ತದೆ. ಕೇಳಿಸಿಕೊಳ್ಳಲು ಒಂದು ನ್ಯೂಟ್ರಾನ್ ಡಿಟೆಕ್ಟರ್, ಒಂದು ಗಾಮಾ ಡಿಟೆಕ್ಟರ್. ಒಂದರಲ್ಲಷ್ಟೇ ಕಂಡದ್ದು ಉಪಕರಣದ ನಡುಕ, ಎರಡರಲ್ಲೂ ಒಟ್ಟಿಗೆ ಕಂಡದ್ದು ರಿಯಾಕ್ಟರಿನದೇ ಎಂದು ಲೆಕ್ಕ. ನಿಜಗುಣಪ್ಪನವರ ಡಿಟೆಕ್ಟರುಗಳು ಕೂದಲೆಳೆಯಷ್ಟೂ ಅಂತರವಿಲ್ಲದೆ ಒಪ್ಪಿದ್ದವು. ಅವರ ಕೀರ್ತಿ ಕುಳಿತದ್ದು ಅದರ ಮೇಲೆ. ಅಳತೆ ಮಾಡಿದ ಶಿಷ್ಯ, ರಾಮದುರ್ಗದ ಲಗಮಣ್ಣನ ಪಿಎಚ್‌ಡಿ ಕೂಡ.

ಊರವರು ಏರ್ಪಡಿಸಿದ್ದ ಸತ್ಕಾರದ ದಿನ ಮುಂಜಾನೆ ಗುರುಶಿಷ್ಯರಿಬ್ಬರೂ ನಿಜಗುಣಪ್ಪನವರ ಸೋದರಮಾವ ಅಂದಾನೆಪ್ಪ ವಕೀಲರ ಪಡಸಾಲೆಯಲ್ಲಿದ್ದರು. ಮಾವನಿಗೂ ಅಳಿಯನಿಗೂ ಪಿಂಗಾಣಿ ಕಪ್ಪಿನಲ್ಲಿ ಚಹಾ. ಲಗಮಣ್ಣನಿಗೆ ಬೇರೆ ಗಾಜಿನ ಲೋಟ.

"ಸರ್, ಹೋದ ವಾರ ರಿಯಾಕ್ಟರ್ ಬಂದ್ ಇದ್ದಾಗ ಅಳದು ನೋಡಿದ್ನಿರಿ," ಎಂದ ಲಗಮಣ್ಣ. "ಆಗೂ ಎರಡೂ ಕೂಡೇ ನಡಗಿದ್ವರಿ."

"ಬಂದಾದ ಮ್ಯಾಲ ಏನ್ ನಡಗತೈತೋ?"

"ಕರೆಂಟ್ ಕೊಡೋ ಪೆಟಗಿ, ಸರ್. ಎರಡಕ್ಕೂ ಒಂದ ಪೆಟಗಿ ಹಚ್ಚೇವಲ್ರಿ. ಇಷ್ಟ ದಿನ ನಾವು ಅಳದಿದ್ದು ಅದನ್ನ."

ಎರಡನೆಯ ಪೆಟ್ಟಿಗೆ ಇರಲಿಲ್ಲವೆಂದಲ್ಲ. ಮಂತ್ರಿಗಳು ಬಂದಾಗ ತೋರಿಸಲು ಚೆನ್ನಾಗಿರುತ್ತದೆಂದು ನಿಜಗುಣಪ್ಪನವರೇ ಅದನ್ನು ಗಾಜಿನ ಕಪಾಟಿನಲ್ಲಿ ಇಡಿಸಿದ್ದರು.

ವಕೀಲರು ಹೊಟ್ಟೆ ಕುಣಿಸಿ ನಕ್ಕರು. ಸಾಕ್ಷಿಗಳಿಗೆ ಪಾಠ ಹೇಳಿಯೇ ಮಹಡಿ ಮನೆ ಕಟ್ಟಿಸಿದವರು ಅವರು. "ಏ ನಿಜಗುಣಾ, ಇಬ್ಬರು ಸಾಕ್ಷಿ ಅಕ್ಷರ ತಪ್ಪದ ಒಂದ ಮಾತು ಹೇಳಿದ್ರ ಸವದತ್ತಿ ಮುನಸೀಫಗೂ ವಾಸನಿ ಬಡೀತೈತಲೇ! ಎತ್ತಿನ ಬಣ್ಣ ಕೆಂಪ ಇತ್ತು ಅಂತ ಒಬ್ಬನ ಕಡೆ ಅನಸಬೇಕು, ಕಂದು ಇತ್ತು ಅಂತ ಇನ್ನೊಬ್ಬನ ಕಡೆ. ಆಗ ನಂಬತಾರ."

ಇಷ್ಟು ಓದಿದ ಮನುಷ್ಯನ ಮುಖ ಬೆಳಗಿದ್ದು ಈ ಮಾತಿಗೆ.

"ಖರೇ ಐತಿ ಮಾವಾ. ಲಗಮಣ್ಣಾ, ಗಾಮಾದ ಅಂಕಿ ಅಲ್ಲಲ್ಲೆ ಒಂಚೂರು ಕೆಡಸು."

"ಕೆಡಸೂದಿಲ್ರಿ ಸರ್. ಬ್ಯಾರೆ ಬ್ಯಾರೆ ಪೆಟಗಿ ಹಚ್ಚಿ ಮತ್ತ ಅಳೀತೇನಿ."

"ಹಂಗಾರ ಬ್ಯಾರೆ ಗೈಡನ್ನೂ ಹುಡಿಕ್ಯೋ. ನಿನ್ನ ಎರಡು ವರ್ಷ ನೀರಾಗ ಹೋದ್ವು ತಿಳಿ."

"ಅವು ಆಗಲೇ ಹೋಗ್ಯಾವ್ರಿ. ಸರಳು ಸಡಿಲ ಐತೋ ಇಲ್ಲೋ, ಇನ್ನೂ ಯಾರಿಗೂ ಗೊತ್ತಿಲ್ರಿ."

"ಶಾಣ್ಯಾ ಆಗಬ್ಯಾಡ. ಸಂಜೀಕ ಸ್ಟೇಜಿನ ಮ್ಯಾಲ ನಿನಗೂ ಒಂದು ಹಾರ ಐತಿ."

"ಅದನ್ನ ಪೆಟಗೀಗೆ ಹಾಕಿಸ್ರಿ, ಸರ್," ಎಂದು ಲಗಮಣ್ಣ ಚೀಲ ಎತ್ತಿಕೊಂಡು ಹೊರಬಿದ್ದ.

ಸಂಜೆಯ ಸಭೆಯಲ್ಲಿ ರೇಷ್ಮೆ ಪೇಟ ಸುತ್ತಿಸಿಕೊಂಡ ನಿಜಗುಣಪ್ಪನವರು ಮೈಕಿನ ಮುಂದೆ ನಿಂತು, ತಮ್ಮ ಎರಡು ಡಿಟೆಕ್ಟರುಗಳು ಹೇಗೆ ಒಪ್ಪಿದವೆಂದು ವಿವರಿಸಿದರು. "ಅಲ್ಪಸ್ವಲ್ಪ ವ್ಯತ್ಯಾಸವಂತೂ ಇದ್ದೇ ಇತ್ತು," ಎಂದು ವಿನಯದಿಂದ ಸೇರಿಸಿದರು. ಜನ ಆ ವಿನಯಕ್ಕೆ ಇನ್ನಷ್ಟು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ವಕೀಲರದೇ ಎಲ್ಲಕ್ಕಿಂತ ಜೋರು.