ಒಡೆಟ್ ಓದಲು ಕೂತಳು

ನೀವೂ ಹೀಗೆ ಕೂತಿರಬಹುದು. ಎದುರಿಗೆ ಪುಸ್ತಕ ತೆರೆದಿರುತ್ತದೆ, ಪಕ್ಕದಲ್ಲಿ ಚಹಾ ಇರುತ್ತದೆ, ಓದಬೇಕೆಂಬ ಆಸೆಯೂ ಇರುತ್ತದೆ. ಸಂಜೆ ಕಳೆಯುವ ಹೊತ್ತಿಗೆ ಖಾಲಿಯಾಗಿರುವುದು ಚಹಾ ಮಾತ್ರ.

ನೋವಾ ಸ್ಕೋಶಿಯಾದ ಕಡಲಂಚಿನ ಪೋರ್ಟ್ ಆರ್ನೋ ಎಂಬ ಊರಿನಲ್ಲಿ ಒಡೆಟ್ ಥಿಬೊಡೊ ಎರಡು ವರ್ಷ ಹೀಗೇ ಕೂತಿದ್ದಳು. ಅವಳಿಗೆ ನಲವತ್ತು ದಾಟಿತ್ತು. ಸೋದರಮಾವ ವಿಲ್‌ಫ್ರೆಡ್‌ನ ದೋಣಿಯಲ್ಲಿ ಲಾಬ್‌ಸ್ಟರ್ ಸಿಗಡಿ ಹಿಡಿಯುವ ಕೆಲಸ. ಬೋನಿಗೆ ಎರೆ ತುಂಬುವುದು, ಬೋನನ್ನು ಕಡಲಿಗೆ ತಳ್ಳುವುದು, ಮತ್ತೆ ಎಳೆದು ಸಿಗಡಿ ತೆಗೆಯುವುದು, ಎಲ್ಲ ಬರುತ್ತಿತ್ತು. ದಕ್ಕದೆ ಉಳಿದದ್ದು ಕ್ಯಾಪ್ಟನ್ ಪರೀಕ್ಷೆ. ಅದು ಪಾಸಾಗದೆ ಚುಕ್ಕಾಣಿ ಹಿಡಿಯುವಂತಿಲ್ಲ. ಒಡೆಟ್ ಎರಡು ಸಲ ಬರೆದಿದ್ದಳು. ಎರಡು ಸಲವೂ ಕಡಲ ನಕ್ಷೆಯ ಪ್ರಶ್ನೆಗಳಲ್ಲಿ ಮುಗ್ಗರಿಸಿದ್ದಳು.

ವಸಂತದ ಒಂದು ದಿನ ವಿಲ್‌ಫ್ರೆಡ್ ದೋಣಿ ಕಟ್ಟುವ ಧಕ್ಕೆಯ ಮೇಲೆ ಹಗ್ಗ ಸುತ್ತುತ್ತಾ ಮಾತು ತೆಗೆದ.

"ನನ್ನ ಮಂಡಿ ಇನ್ನೊಂದು ಚಳಿಗಾಲ ತಡೆಯಲ್ಲ ಕಣಮ್ಮಾ. ನವೆಂಬರ್‌ನಲ್ಲಿ ಹಂಗಾಮು ಶುರುವಾಗೋ ಹೊತ್ತಿಗೆ ನೀನು ಕ್ಯಾಪ್ಟನ್ ಆದ್ರೆ ದೋಣಿ ನಿಂದು. ಇಲ್ಲ ಅಂದ್ರೆ ಆಚೆ ಊರೋರು ಕೇಳ್ತಾ ಇದ್ದಾರೆ, ಕೊಟ್ಬಿಡ್ತೀನಿ."

"ನಾನು ಓದ್ತಾನೇ ಇದೀನಲ್ಲ ಮಾವ."

"ಓದ್ತಾನೇ ಇದೀಯ, ಹೌದು. ಅದನ್ನೇ ಹೋದ ವರ್ಷವೂ ಕೇಳಿದೆ."

ಒಡೆಟ್ ಸುಳ್ಳು ಹೇಳಿರಲಿಲ್ಲ. ಊಟವಾದ ಮೇಲೆ ಅಡುಗೆಮನೆಯ ಮೇಜಿನ ಮುಂದೆ ದಿನವೂ ಕೂರುತ್ತಿದ್ದಳು. ಪುಸ್ತಕದ ಪಕ್ಕ ಫೋನ್ ಇರುತ್ತಿತ್ತು. ನಾಲ್ಕು ಸಾಲು ಓದುವಷ್ಟರಲ್ಲಿ ತಂಗಿ ಜಿನೆಟ್‌ಳ ಸಂದೇಶ ಬರುತ್ತಿತ್ತು. ಚರ್ಚಿನ ಸಭಾಂಗಣದಲ್ಲಿ ತಂಬೋಲದಂಥ ಬಿಂಗೊ ಆಟ ನಡೆಸುವ ಸಮಿತಿಯಲ್ಲಿ ಅಕ್ಕತಂಗಿ ಇಬ್ಬರೂ ಇದ್ದರು. ಅದಕ್ಕೆ ಉತ್ತರ ಬರೆದರೆ ಹವಾಮಾನ ನೋಡಬೇಕೆನಿಸುತ್ತಿತ್ತು. ಹವಾಮಾನ ನೋಡಿದರೆ ಯಾರದೋ ಹೊಸ ದೋಣಿಯ ಚಿತ್ರ ಕಾಣುತ್ತಿತ್ತು. ಅಷ್ಟರಲ್ಲಿ ಬಟ್ಟೆ ಒಗೆಯುವ ಯಂತ್ರ ನಿಲ್ಲುತ್ತಿತ್ತು. ಹಿಂದಿರುಗಿ ಬಂದು ಅದೇ ನಾಲ್ಕು ಸಾಲು ಮತ್ತೆ ಓದುತ್ತಿದ್ದಳು. ಮಲಗುವಾಗ ತಲೆ ಭಾರವಾಗಿರುತ್ತಿತ್ತು, ಹಾಗಾಗಿ ತುಂಬಾ ಓದಿದೆನೆಂದೇ ಅವಳು ತಿಳಿದಿದ್ದಳು.

ಪಕ್ಕದ ಕೋಣೆಯಲ್ಲಿ ಟೀವಿಯ ಮುಂದೆ ಕೂತ ಗಂಡ ಆನ್ಸೆಲ್ಮ್ ಆಗಾಗ ಅನ್ನುತ್ತಿದ್ದ. "ಅದು ನಿನ್ನ ತಲೆಗೆ ಹತ್ತೋದಲ್ಲ, ಬಿಡೇ. ನಿಮ್ಮ ಮನೇಲಿ ಯಾರು ಪರೀಕ್ಷೆ ಪಾಸಾಗಿದ್ದಾರೆ?"

ಅವನು ಕೆಟ್ಟ ಮನಸ್ಸಿನಿಂದ ಹೇಳುತ್ತಿರಲಿಲ್ಲ. ಆದರೆ ಕೇಳಿ ಕೇಳಿ ಒಡೆಟ್‌ಗೂ ಅದು ನಿಜವಿರಬಹುದು ಅನ್ನಿಸತೊಡಗಿತ್ತು.

ಮೇ ತಿಂಗಳಲ್ಲಿ ಒಂದು ದಿನ ದೋಣಿಯಿಂದ ಕಡಲಿಗೆ ಬೋನುಗಳನ್ನು ಇಳಿಸುತ್ತಿದ್ದರು. ಒಂದರ ಹಿಂದೊಂದು ಬೋನು ನೀರಿಗೆ ಬೀಳುತ್ತದೆ, ಅವುಗಳ ಹಗ್ಗ ದೋಣಿಯ ಹಲಗೆಯ ಮೇಲೆ ಸರಸರ ಓಡುತ್ತದೆ. ಆ ಹೊತ್ತಿನಲ್ಲಿ ಕಣ್ಣು ಕಾಲಿನ ಬುಡದಲ್ಲೇ ಇರಬೇಕು. ಒಡೆಟ್‌ಳ ಜೇಬಿನಲ್ಲಿ ಫೋನ್ ಗುಂಯ್ ಅಂದಿತು. ತೆಗೆದು ನೋಡಿದಳು. ಅಷ್ಟೇ. ಹಗ್ಗದ ಸುರುಳಿ ಎಡಗಾಲಿನ ಬೂಟಿಗೆ ಬಿಗಿಯಿತು. ಅಂಗಾತ ಬಿದ್ದವಳನ್ನು ಹಗ್ಗ ದೋಣಿಯ ಹಿಂಬದಿಗೆ ಎಳೆದೊಯ್ದಿತು. ವಿಲ್‌ಫ್ರೆಡ್ ಎಂಜಿನನ್ನು ಹಿಂದಕ್ಕೆ ತಿರುಗಿಸಿದ. ಒಡೆಟ್ ಕಂಬಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು. ಬೂಟು ಕಳಚಿ ಹಗ್ಗದ ಜೊತೆ ಕಡಲಿಗೆ ಹೋಯಿತು. ಕಾಲು ಉಳಿಯಿತು.

ವಿಲ್‌ಫ್ರೆಡ್ ಎಂಜಿನ್ ನಿಲ್ಲಿಸಿ ಬಂದು ಅವಳ ಕಾಲು ನೋಡಿದ. ಆಮೇಲೆ ಕೇಳಿದ. "ಫೋನಲ್ಲಿ ಏನಿತ್ತು?"

"ಜಿನೆಟ್‌ದು. ಬಿಂಗೊ ದಿನ ಪೈ ಮಾಡೋಣವಾ, ಸ್ಯಾಂಡ್‌ವಿಚ್ ಮಾಡೋಣವಾ ಅಂತ."

"ಪೈ ಅಂತ ಹೇಳು," ಎಂದು ಅವನು ಚುಕ್ಕಾಣಿಗೆ ಮರಳಿದ.

ಪಾದ ಊದಿಕೊಂಡು ಒಡೆಟ್ ಮನೆಯಲ್ಲಿ ಕೂರಬೇಕಾಯಿತು. ಎರಡನೆಯ ದಿನ ಕಾರ್ಮೆಲ್ ಡೂಸೆಟ್ ಒಂದು ಪಾತ್ರೆ ಮೀನಿನ ಸಾರು ಹಿಡಿದು ಬಂದಳು. ಕಾರ್ಮೆಲ್ ಆ ಧಕ್ಕೆಯಲ್ಲಿ ಕ್ಯಾಪ್ಟನ್ ಆಗಿದ್ದ ಒಬ್ಬಳೇ ಹೆಂಗಸು. ಅವಳೂ ಮೊದಲ ಸಲ ಪರೀಕ್ಷೆಯಲ್ಲಿ ಫೇಲಾದವಳೇ.

"ಪುಸ್ತಕ ತಗೊ. ಒಂದು ಪುಟ ಓದು. ನಾನು ಸುಮ್ನೆ ಕೂತಿರ್ತೀನಿ," ಅಂದಳು ಕಾರ್ಮೆಲ್.

ಒಡೆಟ್ ಓದಲು ತೊಡಗಿದಳು. ಫೋನ್ ಗುಂಯ್ ಅಂದಿತು, ನೋಡಿದಳು. ಆನ್ಸೆಲ್ಮ್ ಒಳಗಿನಿಂದ "ಸಾಸಿವೆ ಬಾಟ್ಲಿ ಎಲ್ಲಿಟ್ಟಿದ್ದೀಯೇ?" ಎಂದು ಕೂಗಿದ, ಹೇಳಿದಳು. ಕಿಟಕಿಯಾಚೆ ಪಕ್ಕದ ಮನೆಯವರ ಟ್ರಕ್ ಬಂತು, ಕತ್ತೆತ್ತಿ ನೋಡಿದಳು. ಪುಟ ಮುಗಿಯಿತು.

"ಈಗ ಪುಸ್ತಕ ಮುಚ್ಚು. ಏನು ಓದಿದೆ ಹೇಳು."

ಒಡೆಟ್‌ಗೆ ನೆನಪಾದದ್ದು ಪಕ್ಕದ ಮನೆಯವರ ಟ್ರಕ್ ಒಂದೇ.

"ನಿನ್ನ ತಲೇಲಿ ಯಾವ ದೋಷವೂ ಇಲ್ಲ ಮಾರಾಯ್ತಿ," ಅಂದಳು ಕಾರ್ಮೆಲ್. "ನೀನು ಓದೇ ಇಲ್ಲ, ಅಷ್ಟೆ."

ಒಡೆಟ್‌ಗೆ ಸಿಟ್ಟು ಬಂತು. "ಎರಡು ವರ್ಷದಿಂದ ಕಣ್ಣು ಹೋಗೋ ಹಾಗೆ ಓದ್ತಿದ್ದೀನಿ!"

"ಎರಡು ವರ್ಷದಿಂದ ಪುಸ್ತಕದ ಮುಂದೆ ಕೂತಿದ್ದೀಯ. ಅದು ಬೇರೆ, ಓದೋದು ಬೇರೆ. ನೋಡು, ಬೋನನ್ನ ಅರ್ಧ ಎಳೆದು ಕೈಬಿಟ್ರೆ ಏನಾಗುತ್ತೆ?"

"ತಳಕ್ಕೆ ಹೋಗುತ್ತೆ."

"ಮತ್ತೆ ತಳದಿಂದ ಎಳೀಬೇಕು. ಮನಸ್ಸೂ ಹಾಗೇನೇ. ಒಂದ್ಸಲ ಎದ್ದು ಹೋದ್ರೆ, ಬಿಟ್ಟ ಜಾಗಕ್ಕೆ ತಕ್ಷಣ ಬಂದು ಕೂರಲ್ಲ. ನೀನು ಸಂಜೆಯೆಲ್ಲ ಅರ್ಧರ್ಧ ಎಳೆದು ಬಿಡ್ತಿದ್ದೀಯ. ಸುಸ್ತಾಗುತ್ತೆ, ಸಿಗಡಿ ಮಾತ್ರ ಸಿಗಲ್ಲ."

ಆನ್ಸೆಲ್ಮ್ ಸಾಸಿವೆ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಅದೆಲ್ಲ ಹುಟ್ಟಿನಿಂದ ಬರೋದು ಕಾರ್ಮೆಲ್. ಕೆಲವರಿಗೆ ಮನಸ್ಸು ನಿಲ್ಲುತ್ತೆ, ಕೆಲವರಿಗೆ ನಿಲ್ಲಲ್ಲ."

"ಹಾಕಿ ಆಟ ನೋಡುವಾಗ ನಿನಗೆ ರೆಪ್ಪೆ ಬಡಿಯೋದೂ ಮರೆತುಹೋಗುತ್ತೆ. ಅದು ಎಲ್ಲಿಂದ ಬಂತು?"

"ಅದು ನನಗಿಷ್ಟ."

"ದೋಣಿ ಅವಳಿಗಿಷ್ಟ ಇಲ್ವಾ? ನೀನು ಆಟ ನೋಡುವಾಗ ಯಾರೂ ಸಾಸಿವೆ ಎಲ್ಲಿ ಅಂತ ಕೇಳಲ್ಲ, ಅದೇ ವ್ಯತ್ಯಾಸ. ಅವಳು ಓದುವಾಗ ಫೋನೂ ಹತ್ತಿರ ಇರಬಾರದು."

"ಫೋನ್ ದೂರ ಇಟ್ಟು ಕೂತಾಗ ಯಾರಾದ್ರೂ ಸತ್ರೆ?" ಎಂದ ಆನ್ಸೆಲ್ಮ್.

"ಸತ್ತೋರಿಗೆ ಏನು ಅವಸರ? ಸ್ವಲ್ಪ ಹೊತ್ತು ಕಾಯ್ತಾರೆ. ನಿನಗೇ ಏನಾದ್ರೂ ಆದ್ರೆ ಒಂದು ಕೂಗು ಹಾಕು. ನಿನ್ನ ಗಂಟಲು ಧಕ್ಕೆ ತನಕ ಕೇಳ್ಸುತ್ತೆ."

ಒಡೆಟ್ ನಕ್ಕಳು. ಬಿದ್ದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಕಾರ್ಮೆಲ್ ಹೇಳಿಕೊಟ್ಟದ್ದು ದೊಡ್ಡ ವಿದ್ಯೆಯೇನಲ್ಲ. ಅಡುಗೆಮನೆ ಬಿಟ್ಟು ಹಿತ್ತಲಿನಲ್ಲಿ ಹಗ್ಗ, ಬಲೆ ಇಡುವ ಕೊಟ್ಟಿಗೆಯಲ್ಲಿ ಕೂರಬೇಕು. ಫೋನ್ ಮನೆಯಲ್ಲೇ ಇರಬೇಕು. ಕೂರುವ ಮುಂಚೆ "ಇವತ್ತು ಉಬ್ಬರವಿಳಿತದ ಲೆಕ್ಕ, ಬೇರೇನೂ ಅಲ್ಲ" ಎಂದು ಬಾಯಿಬಿಟ್ಟು ಹೇಳಿಕೊಳ್ಳಬೇಕು. ಕೊಟ್ಟಿಗೆಯ ಒಲೆಗೆ ಒಂದು ಕೊರಡು ಹಾಕಿ, ಅದು ಉರಿದು ಮುಗಿಯುವವರೆಗೆ ಅದೊಂದೇ ಕೆಲಸ. ಆಮೇಲೆ ಎದ್ದು ಹೊರಗೆ ಓಡಾಡಬೇಕು. ಆಗಲೂ ಫೋನ್ ಮುಟ್ಟುವಂತಿಲ್ಲ, ಏಕೆಂದರೆ ಅದರಿಂದ ಮನಸ್ಸಿಗೆ ಬಿಡುವು ಸಿಗುವುದಿಲ್ಲ.

"ಮಧ್ಯೆ ಮನಸ್ಸು ಓಡಿಹೋದ್ರೆ?" ಎಂದು ಕೇಳಿದಳು ಒಡೆಟ್.

"ಓಡೇ ಓಡುತ್ತೆ. ಬೈಕೋಬೇಡ. ಬೈಕೊಳ್ಳೋದೂ ಇನ್ನೊಂದು ಕಡೆ ಓಡಿದ ಹಾಗೇನೇ. ಗೊತ್ತಾದ ಕೂಡ್ಲೇ ವಾಪಸ್ ಕರ್ಕೊಂಡು ಬಾ, ಅಷ್ಟೆ."

ಶುರುವಿನಲ್ಲಿ ಅದು ಅಷ್ಟು ಸುಲಭವಾಗಲಿಲ್ಲ. ಕೊಟ್ಟಿಗೆಯಲ್ಲಿ ಕೂತ ಒಡೆಟ್‌ಳ ಕೈ ತಾನಾಗಿ ಖಾಲಿ ಜೇಬಿಗೆ ಹೋಗುತ್ತಿತ್ತು. ಗೋಡೆಯ ಮೇಲಿನ ಹಳೆಯ ಬಲೆಯ ಕಣ್ಣುಗಳನ್ನು ಎಣಿಸುತ್ತಿದ್ದಳು. ಒಂದು ಸಂಜೆ ಸ್ವೆಟರಿನೊಳಗೆ ಫೋನ್ ಅಡಗಿಸಿಕೊಂಡು ಹೋದಳು. ಕೊರಡು ಉರಿದು ಬೂದಿಯಾಯಿತು, ಪುಟ ತಿರುಗಲಿಲ್ಲ. ಮಾರನೆಯ ದಿನ ಫೋನನ್ನು ಗಂಡನ ಕೈಗೆ ಕೊಟ್ಟಳು.

"ಕೇಳಿದ್ರೂ ಕೊಡ್ಬೇಡ."

ಆನ್ಸೆಲ್ಮ್‌ಗೆ ಈ ಅಧಿಕಾರ ಬಹಳ ಹಿಡಿಸಿತು. ಅವಳು ಕೇಳಲು ಬಂದೇ ಬಂದಳು. ಅವನು ಕೊಡಲಿಲ್ಲ.

"ಒಂದೇ ನಿಮಿಷ ಕಣೋ."

"ಹೋಗೇ, ಉಬ್ಬರ ಇಳಿದುಹೋಗುತ್ತೆ!"

ಜಿನೆಟ್‌ಳ ವಿಷಯ ಇದಕ್ಕಿಂತ ಕಷ್ಟವಾಯಿತು. ಒಡೆಟ್ ಬಿಂಗೊ ಸಮಿತಿ ಬಿಡುತ್ತೇನೆಂದಾಗ ತಂಗಿ ಕೇಳಿದಳು. "ಅಂದ್ರೆ ಈಗ ನಾವು ಬೇಡ?"

"ನವೆಂಬರ್ ತನಕ ಬೇಡ," ಅಂದುಬಿಟ್ಟಳು ಒಡೆಟ್. ಅಂದದ್ದು ತಪ್ಪಾಯಿತೆಂದು ತಿಳಿಯುವಷ್ಟರಲ್ಲಿ ಫೋನ್ ಕಟ್ಟಾಗಿತ್ತು.

ಆ ಸಂಜೆ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಮರುದಿನ ತಂಗಿಯ ಮನೆಗೆ ಹೋಗಿ ಹೇಳಿದಳು. "ಆ ದೋಣಿ ನನಗೆ ಬೇಕು ಜಿನೆಟ್. ಎಲ್ಲಾನೂ ಹಿಡ್ಕೊಂಡು ಕೂತ್ರೆ ಅದು ಕೈಗೆ ಬರಲ್ಲ. ನೀನು ಬೇಡ ಅಂತಲ್ಲ, ಬಿಂಗೊ ಬೇಡ." ಜಿನೆಟ್ ಚಹಾ ಕೊಟ್ಟಳು. ಮುಖ ಮಾತ್ರ ಸಡಿಲಲಿಲ್ಲ.

ಬೇಸಿಗೆ ಕಳೆಯುತ್ತಾ ಬಂತು. ಒಂದು ಕೊರಡು ಎರಡಾಯಿತು. ಆಗಸ್ಟಿನಲ್ಲಿ ಒಂದು ಸಂಜೆ ಆನ್ಸೆಲ್ಮ್ ಕೊಟ್ಟಿಗೆಗೆ ಬಂದು, ಅವಳು ಓದಿ ಮುಗಿಸುವ ತನಕ ಕಾದು, ಪುಸ್ತಕ ಕಿತ್ತುಕೊಂಡ. ಹೆಂಡತಿಯನ್ನು ಸಿಕ್ಕಿಹಾಕಿಸಬೇಕೆಂದೇ ಬಂದಿದ್ದ. ದಿಕ್ಸೂಚಿಯ ಮುಳ್ಳು ಎಷ್ಟು ತಪ್ಪು ತೋರಿಸುತ್ತದೆ, ಅದನ್ನು ಹೇಗೆ ಸರಿಪಡಿಸಬೇಕು ಎಂಬ ಪ್ರಶ್ನೆ ಹುಡುಕಿ ಓದಿದ. ಒಡೆಟ್ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ಗೆರೆ ಎಳೆದು ಉತ್ತರ ಹೇಳಿದಳು. ಅವನು ಪುಸ್ತಕದ ಕೊನೆಯ ಪುಟದಲ್ಲಿ ಉತ್ತರ ನೋಡಿದ. ಪ್ರಶ್ನೆಯನ್ನು ತಾನೇ ಮತ್ತೊಮ್ಮೆ ಓದಿದ.

"ಇನ್ನೊಂದ್ಸಲ ಹೇಳು, ನಿಧಾನಕ್ಕೆ," ಅಂದ.

ಅವಳು ಹೇಳಿದಳು. ಅವನಿಗೆ ಪೂರ್ತಿ ಅರ್ಥವಾಗಲಿಲ್ಲ. ಆದರೆ ಅವಳಿಗೆ ಅರ್ಥವಾಗಿದೆ ಎಂಬುದು ಅರ್ಥವಾಯಿತು. ಮನೆಗೆ ಹೋಗಿ ಪಾತ್ರೆ ತೊಳೆದಿಟ್ಟ. ಅವತ್ತಿನಿಂದ "ತಲೆಗೆ ಹತ್ತೋದಲ್ಲ" ಎಂಬ ಮಾತು ಆ ಮನೆಯಲ್ಲಿ ಕೇಳಿಬರಲಿಲ್ಲ.

ಅಕ್ಟೋಬರಿನಲ್ಲಿ ಪಟ್ಟಣಕ್ಕೆ ಹೋಗಿ ಪರೀಕ್ಷೆ ಬರೆದಳು. ಪಕ್ಕದಲ್ಲಿ ಕೂತ ಗಂಡಸು ಪೆನ್ಸಿಲಿನಿಂದ ಮೇಜು ಕುಟ್ಟುತ್ತಿದ್ದ. ಹೊರಗೆ ರಸ್ತೆ ಅಗೆಯುತ್ತಿದ್ದರು. ನಕ್ಷೆಯ ಪ್ರಶ್ನೆ ಬಂದಾಗ ಒಡೆಟ್‌ಳ ಮನಸ್ಸು ಮಾವನ ಮಂಡಿಗೆ ಹೋಯಿತು, ಅಲ್ಲಿಂದ ಜಿನೆಟ್‌ಳ ಮುಖಕ್ಕೆ ಹೋಯಿತು. ಹೋದದ್ದು ಅವಳಿಗೆ ಗೊತ್ತಾಯಿತು. ನಕ್ಷೆಯ ಮೇಲೆ ಬೆರಳಿಟ್ಟು ವಾಪಸ್ ಬಂದಳು. ಮತ್ತೆ ಹೋಯಿತು, ಮತ್ತೆ ಬಂದಳು. ಕಾಗದ ಕೊಡುವ ಹೊತ್ತಿಗೆ ಬೆನ್ನು ಬೆವರಿತ್ತು.

ಪಾಸಾದಳು. ಎಲ್ಲರಿಗಿಂತ ಹೆಚ್ಚು ಅಂಕವೇನೂ ಬರಲಿಲ್ಲ. ಚುಕ್ಕಾಣಿ ಹಿಡಿಯಲು ಸಾಕಾಗುವಷ್ಟು ಬಂತು.

ಹಂಗಾಮಿನ ಮೊದಲ ಬೆಳಿಗ್ಗೆ ಇಡೀ ಊರು ಧಕ್ಕೆಯಲ್ಲಿ ನೆರೆದಿತ್ತು. ಪಾದ್ರಿ ದೋಣಿಗಳನ್ನು ಹರಸಿದರು. ಆನ್ಸೆಲ್ಮ್ ಎರೆ ತುಂಬುವ ಕೆಲಸಕ್ಕೆ ದೋಣಿ ಹತ್ತಿದ್ದ. ಜಿನೆಟ್ ಬಂದಿದ್ದಳು, ಆದರೆ ಟ್ರಕ್ಕಿನಿಂದ ಇಳಿಯದೆ ಗಾಜಿನ ಹಿಂದೆಯೇ ಕೂತು ನೋಡುತ್ತಿದ್ದಳು. ವಿಲ್‌ಫ್ರೆಡ್ ಅಷ್ಟು ವರ್ಷಗಳಲ್ಲಿ ಮೊದಲ ಸಲ ದಡದಲ್ಲಿ ನಿಂತಿದ್ದ. ದೋಣಿ ಕಟ್ಟಿದ ಹಗ್ಗ ಬಿಚ್ಚಿ ಒಳಗೆ ಎಸೆದ.

"ನಾನು ತಯಾರು. ನೀವು ಹೇಳಿದ್ರೆ ಹೊರಡೋದು, ಕ್ಯಾಪ್ಟನ್," ಅಂದ ಆನ್ಸೆಲ್ಮ್. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಒಡೆಟ್ ಹೊರಟಳು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮಗೆ ಬೇಕಾದದ್ದು ದೋಣಿ ಅಲ್ಲದಿರಬಹುದು. ಅರ್ಧಕ್ಕೆ ಬಿಟ್ಟ ಪದವಿ ಇರಬಹುದು, ಕಲಿಯಬೇಕೆಂದುಕೊಂಡ ಹೊಲಿಗೆ ಇರಬಹುದು, ತೆರೆಯಬೇಕೆಂದಿರುವ ಅಂಗಡಿ ಇರಬಹುದು. "ನನ್ನ ತಲೆಗೆ ಹತ್ತೋದಿಲ್ಲ" ಎಂದು ತೀರ್ಮಾನಿಸುವ ಮೊದಲು, ನೀವು ನಿಜವಾಗಿ ಅದರ ಜೊತೆ ಎಷ್ಟು ಹೊತ್ತು ಕೂತಿದ್ದೀರಿ ನೋಡಿಕೊಳ್ಳಿ. ಇವತ್ತೇ ಒಂದು ಮೂಲೆ ಹುಡುಕಿ. ಫೋನನ್ನು ಮನೆಯವರ ಕೈಗೆ ಕೊಡಿ. ಏನು ಮಾಡಲು ಕೂರುತ್ತಿದ್ದೀರೆಂದು ಬಾಯಿಬಿಟ್ಟು ಹೇಳಿಕೊಳ್ಳಿ. ನಿಮ್ಮ ಮನೆಯಲ್ಲಿ ಬೇರೆ ಯಾರಾದರೂ ಹಾಗೆ ಕೂತಿದ್ದರೆ, ದಯವಿಟ್ಟು ಸಾಸಿವೆಯನ್ನು ನೀವೇ ಹುಡುಕಿಕೊಳ್ಳಿ.

ಮೊದಲ ದಿನ ಮನಸ್ಸು ಹತ್ತು ಕಡೆ ಓಡುತ್ತದೆ. ಓಡಲಿ. ಕರೆತಂದು ಕೂರಿಸಿ. ನಾಳೆಯೂ ಕೂರಿಸಿ.